ಬಾಟಲಿ ಬಿಡದ ಚೀಟಿ

ನಮ್ಮ ಅಡುಗೆಮನೆಯ ಗೂಡಿನಲ್ಲಿ ಒಂದು ಗಾಜಿನ ಬಾಟಲಿಯಿದೆ. ಅಗಲ ಬಾಯಿ, ಗಿಡ್ಡ ಕತ್ತು. ಹೊಟ್ಟೆಯ ಮೇಲೆ ದುಂಡಗಿನ ಅಕ್ಷರಗಳಲ್ಲಿ ‘ಜಂಬೀರಫಲೋಪದಂಶ’ ಎಂದು ಬರೆದ ಒಂದು ಚೀಟಿ. ಗಾಬರಿಯಾಗಬೇಡಿ, ಮಿತ್ರರೇ, ಅದರೊಳಗಿರುವುದು ನಿಂಬೆಕಾಯಿಯ ಉಪ್ಪಿನಕಾಯಿಯೇ. ಹಾಗೆ ಬರೆದ ಮಹಾನುಭಾವ ನಾನು. ಬಿಳಿಯ ದೊರೆಗಳೇ ಗಂಟುಮೂಟೆ ಕಟ್ಟಿ ದೇಶ ಬಿಡುತ್ತಿರುವ ಈ ದಿನಗಳಲ್ಲೂ ಆ ಚೀಟಿ ಮಾತ್ರ ಬಾಟಲಿಯನ್ನು ಬಿಟ್ಟಿಲ್ಲ. ಅದೇಕೆ ಬಿಡಲಿಲ್ಲವೆಂದು ನಿಮ್ಮೆದುರು ಹೇಳಿಕೊಂಡರೆ ನನ್ನ ಮರ್ಯಾದೆಯಲ್ಲಿ ಮಿಕ್ಕಿರುವ ಚೂರೂ ಹೋದೀತು. ಹೋಗಲಿ, ಕೇಳಿ.

ಆಗ ಯುದ್ಧದ ಕಾಲ. ನಾನು ಮಳವಳ್ಳಿಯಲ್ಲಿ ಕನ್ನಡ ಮೇಷ್ಟರು. ಹುಟ್ಟಿದ್ದು ಬಸರಾಳಿನ ಒಕ್ಕಲುಮನೆಯಲ್ಲಿ, ಬೆಳೆದದ್ದು ಎಮ್ಮೆಗಳ ಹಿಂದೆ. ಆದರೆ ನಾಲ್ಕು ವ್ಯಾಕರಣಸೂತ್ರ ಬಾಯಿಗೆ ಬಂದದ್ದೇ ತಡ, ಅಲ್ಪನಿಗೆ ಐಶ್ವರ್ಯ ಬಂದ ಹಾಗೆ, ಕಂಡಕಂಡವರ ಮಾತು ತಿದ್ದುವ ಚಟ ಹತ್ತಿಬಿಟ್ಟಿತು. ಆ ಚಟಕ್ಕೆ ಮೊದಲು ಸಿಕ್ಕಿದವಳು ಮದುವೆಯಾಗಿ ಆರು ತಿಂಗಳಾಗಿದ್ದ ನನ್ನ ಹೆಂಡತಿ ದೇವೀರಮ್ಮ. ಮದ್ದೂರಿನ ಹತ್ತಿರದ ಕೊಪ್ಪದ ರೈತರ ಮಗಳು. ಬಂದ ಹೊಸದರಲ್ಲಿ ಬೆಳಗಿನಿಂದ ಬೈಗಿನವರೆಗೆ ಅರಳು ಹುರಿದಂತೆ ಮಾತಾಡುತ್ತಿದ್ದಳು. ಅವಳು ‘ಬುಡಿ’ ಎಂದರೆ ನಾನು ‘ಬಿಡಿ’ ಎನ್ನುವೆ. ‘ಓಯ್ತೀನಿ’ ಎಂದರೆ ‘ಹೋಗುತ್ತೇನೆ’ ಎನ್ನಿಸುವೆ. ಅವಳ ‘ಸನಿವಾರ’ವನ್ನು ಮೂರು ಸಲ ಶನಿವಾರ ಮಾಡಿಸಿದ ಮೇಲೆಯೇ ಕಾಫಿ ಕುಡಿಯುವೆ. ಬರುಬರುತ್ತ ಅವಳು ಬಾಯಿ ಬಿಡುವುದನ್ನೇ ಕಡಿಮೆ ಮಾಡಿದಳು. ಮನೆ ನಿಶ್ಶಬ್ದವಾಯಿತು. ಸಂಸ್ಕಾರ ಬಂತೆಂದು ನಾನು ಒಳಗೊಳಗೇ ಹಿಗ್ಗಿದೆ.

ಹೀಗಿರುವಾಗ ಕೊಪ್ಪದಿಂದ ಸುದ್ದಿ ಬಂತು. ಮಾವನವರಿಗೆ ಜ್ವರ ಬಿಟ್ಟಿತ್ತು, ಆದರೆ ಬಾಯಿ ಕೆಟ್ಟುಹೋಗಿ, ಗಂಜಿ ತಂದರೂ ತಳ್ಳಿಬಿಡುತ್ತಿದ್ದರಂತೆ. ಹೀಗೇ ಆದರೆ ಮುದುಕ ಉಳಿಯುವುದಿಲ್ಲವೆಂದು ಊರವರೇ ಹೇಳಿಕಳಿಸಿದ್ದರು. ದೇವೀರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನೇರವಾಗಿ ಉಪ್ಪಿನಕಾಯಿಯ ಜಾಡಿಯ ಬಳಿಗೆ ಹೋದಳು. ಅಪ್ಪನಿಗೆ ಅವಳ ಕೈಯ ನಿಂಬೆಕಾಯಿಯೆಂದರೆ ಪ್ರಾಣ. ಆ ಮೊಣಕಾಲೆತ್ತರದ ಜಾಡಿಯನ್ನಂತೂ ಬಸ್ಸಿನಲ್ಲಿ ಒಯ್ಯುವಂತಿಲ್ಲ. ಎದುರುಮನೆಯ ಡಾಕ್ಟರ ಹೆಂಡತಿ ಮೂರು ಖಾಲಿ ಬಾಟಲಿ ಕೊಟ್ಟರು. ಗಾಜಿನ ಸಾಮಾನು ಕಣ್ಣಿಗೂ ಬೀಳದಿದ್ದ ಆ ಕಾಲದಲ್ಲಿ ಅದು ನಿಧಿ ಸಿಕ್ಕಂತೆ. ಮೂರರ ಮೇಲೂ ಯಾವುದೋ ವಿಲಾಯಿತಿ ಪುಡಿಯ ಚೀಟಿ.

ಚೀಟಿ ಇದ್ದರೆ ಇರಲಿ, ಉಪ್ಪಿನಕಾಯಿಗೇನು ಅದು ಚುಚ್ಚುತ್ತದೆಯೇ ಎಂಬುದು ಅವಳ ವಾದ. ಕನ್ನಡ ಮೇಷ್ಟರ ಮನೆಯ ಉಪ್ಪಿನಕಾಯಿ ಇಂಗ್ಲಿಷ್ ಚೀಟಿ ಹೊತ್ತು ಮಾವನ ಮನೆಗೆ ಹೋಗುವುದುಂಟೆ ಎಂಬುದು ನನ್ನದು. ವಿಜ್ಞಾನವೂ ನನ್ನ ಕಡೆಗಿದೆಯೆಂದು ನಂಬಿ, ಹಂಡೆಯಲ್ಲಿ ಕುದಿಯುತ್ತಿದ್ದ ನೀರನ್ನು ಮೊದಲನೆಯ ಬಾಟಲಿಯ ಮೇಲೆ ಧಾರೆಯಾಗಿ ಸುರಿದೆ. ಟಪ್ಪೆಂದು ಅದು ಎರಡು ಹೋಳಾಯಿತು. ಚೀಟಿ ಮಾತ್ರ ಎರಡು ಹೋಳನ್ನೂ ಬಿಗಿಯಾಗಿ ಹಿಡಿದುಕೊಂಡೇ ಇತ್ತು. ಆ ಗಾಬರಿಯಲ್ಲಿ ನನ್ನೊಳಗಿನ ಬಸರಾಳು ಹೊರಗೆ ನೆಗೆಯಿತು.

“ಅಯ್ಯೋ, ಓಯ್ತಲ್ಲಾ!” ಎಂದು ಅರಚಿದೆ.

ಗಾಜಿನ ಚೂರುಗಳನ್ನು ಆಯುತ್ತಿದ್ದ ದೇವೀರಮ್ಮ ತಲೆಯೆತ್ತದೆಯೇ, “ಹೋಯಿತು ಅನ್ನಬೇಕು,” ಎಂದಳು.

ನಾನು ಕೇಳಿಸದವನಂತೆ ಚಾಕು ಹುಡುಕಿದೆ. ಆಗ ಅವಳು ಎಷ್ಟೋ ದಿನದ ಮೇಲೆ ತಾನಾಗಿ ಒಂದು ಮಾತು ಹೇಳಿದಳು: “ಅಳ್ಳೆಣ್ಣೆ ಸವ್ರಿ ಬುಡಿ. ಅದೇ ಬುಡ್ತದೆ.” ಹರಳೆಣ್ಣೆಯ ಉಪಾಯ ಎಷ್ಟು ಸೊಗಸಾಗಿತ್ತು ನೋಡಿ! ಆದರೆ ನನ್ನ ಕಿವಿಗೆ ಬಿದ್ದದ್ದು ಉಪಾಯವಲ್ಲ, ಉಚ್ಚಾರ. “ಬುಡಿ ಅಲ್ಲ, ಬಿಡಿ,” ಎಂದೆ. ಅವಳು ಎದ್ದು ಒಳಗೆ ಹೋದಳು. ನಾನು ಎರಡನೆಯ ಬಾಟಲಿಯನ್ನು ತೊಡೆಯ ನಡುವೆ ಇಟ್ಟುಕೊಂಡು ಕೆರೆದೆ. ಚಾಕು ಜಾರಿ ಹೆಬ್ಬೆರಳಿಗೆ ತಾಗಿತು, ಬಾಟಲಿ ಜಾರಿ ಕಲ್ಲಿಗೆ ತಾಗಿತು.

ಮೂರನೆಯದನ್ನು ನನ್ನ ಕೈಗೆ ಸಿಕ್ಕದಂತೆ ಅವಳೇ ಎತ್ತಿಟ್ಟುಕೊಂಡಿದ್ದಳು. ಮರುದಿನ ನಾನು ಸ್ಕೂಲಿನಿಂದ ಬರುವಷ್ಟರಲ್ಲಿ, ಎಣ್ಣೆ ಕುಡಿದು ಬಿಸಿಲು ಕಾದ ಚೀಟಿ ನೆನೆಸಿದ ಅವರೆಕಾಳಿನ ಸಿಪ್ಪೆಯ ಹಾಗೆ ಜಾರಿ ಬಂದಿತ್ತು. ಅಲ್ಲಿಗಾದರೂ ನಾನು ಸುಮ್ಮನಿರಬಾರದಿತ್ತೆ? ಬೇರೆಯವರು ಹಚ್ಚಿದ ಚೀಟಿ ಕಂಡರೆ ಮೈಯುರಿಯುವ ನಾವು ನಮ್ಮದನ್ನು ಹಚ್ಚಲು ಮಾತ್ರ ಅಂಟು ಕಲಸಿಕೊಂಡೇ ಕೂತಿರುತ್ತೇವೆ. ನಾನಂತೂ ನಿಘಂಟು ತೆರೆದು, ಜಂಬೀರವನ್ನೂ ಉಪದಂಶವನ್ನೂ ಹುಡುಕಿ, ಸಂಧಿ ಮಾಡಿ, ಬರೆದು, ಊಟದಲ್ಲಿ ಉಳಿದ ರಾಗಿಮುದ್ದೆಯ ಚೂರನ್ನು ಕಿವುಚಿ ಅಂಟಿಸಿದೆ.

ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಮದ್ದೂರಿಗೆ, ಅಲ್ಲಿಂದ ಗಾಡಿಯಲ್ಲಿ ಕೊಪ್ಪಕ್ಕೆ ಹೋದೆವು. ದಾರಿಯುದ್ದಕ್ಕೂ ಬಾಟಲಿ ಅವಳ ಮಡಿಲಲ್ಲಿತ್ತು. ಮಾವನವರು ಪಡಸಾಲೆಯ ಗೋಡೆಗೆ ಒರಗಿದ್ದರು. ಮದುವೆಯಲ್ಲಿ ನನ್ನ ಕೈ ಹಿಡಿದು ಅಲ್ಲಾಡಿಸಿದ್ದ ಆ ತೋಳು ಹಂಚಿಕಡ್ಡಿಯಾಗಿತ್ತು. ದೇವೀರಮ್ಮ ಬಿಸಿ ಅನ್ನವನ್ನು ಮೆತ್ತಗೆ ಹಿಸುಕಿ, ಉಪ್ಪಿನಕಾಯಿಯ ರಸ ಕಲಸಿ, ತುತ್ತು ಹಿಡಿದಳು. ಬಾಯಿ ತೆರೆಯುವ ಮುನ್ನ ಒಂದು ಸಲ ನನ್ನ ಮುಖ ನೋಡಿದಳು. ಆಮೇಲೆ, “ಅಪ್ಪಾ, ಸ್ವಲ್ಪ ಊಟ ಮಾಡಿ,” ಎಂದಳು. ಎಷ್ಟು ಶುದ್ಧವಾದ ವಾಕ್ಯ! ಹುಟ್ಟಿದಾಗಿನಿಂದ ‘ನೀನು’ ಎಂದು ಕರೆದ ತಂದೆಗೆ ಅವಳು ಬಹುವಚನ ಬಡಿಸಿದ್ದಳು.

ಮುದುಕ ಅವಳನ್ನೇ ನೋಡುತ್ತ ಕೂತರು. “ಮಕ ನನ್ ಮಗ್ಳುದೇ,” ಎಂದರು. “ಮಾತು ಯಾರ್ದವ್ವ?” ಎಂದು ಗೋಡೆಯ ಕಡೆಗೆ ಹೊರಳಿದರು.

ಅವಳು ತುತ್ತನ್ನು ತಟ್ಟೆಗೇ ಇಳಿಸಿದಳು. ನಾನು ಒಡೆದದ್ದು ಎರಡೇ ಬಾಟಲಿಯೆಂದು ಅಲ್ಲಿಯವರೆಗೆ ತಿಳಿದಿದ್ದೆ. ಆರು ತಿಂಗಳು ಕುದಿನೀರು ಸುರಿದು, ಕೆರೆದು, ತಿಕ್ಕಿ ನಾನು ತೆಗೆಯಲು ಹೊರಟದ್ದು ಈ ಮುದುಕ ತನ್ನ ಮಗಳನ್ನು ತನ್ನವಳೆಂದು ಹಿಡಿಯುತ್ತಿದ್ದ ಗುರುತನ್ನೇ. ಆ ಗುರುತಿಲ್ಲದೆ ಅವರು ಉಣ್ಣಲೊಲ್ಲರು, ಉಣ್ಣದೆ ಉಳಿಯಲಾರರು. ನನಗೆ ಬಹಳ ನಾಚಿಕೆಯಾಯಿತು. ವ್ಯಾಕರಣದ ಒಂದು ಸೂತ್ರವೂ ನೆರವಿಗೆ ಬರಲಿಲ್ಲ.

“ನಿಂಗೆಂಗ್ ಬತ್ತದೋ ಅಂಗೇ ಏಳಮ್ಮಿ,” ಎಂದೆ. ನನ್ನ ಅವ್ವ ಕೇಳಿದ್ದರೆ, ಮಗ ಮನೆಗೆ ಬಂದ ಎನ್ನುತ್ತಿದ್ದಳು.

ದೇವೀರಮ್ಮ ನನ್ನನ್ನು ನೋಡಲಿಲ್ಲ. ಅಪ್ಪನ ಗದ್ದ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು.

“ಅಪ್ಪೋ, ಬಾಯ್ ಬುಡು. ನಿಂಬೇಕಾಯಿ ಕಣಪ್ಪೋ, ನಾನೇ ಆಕಿದ್ದು.”

ಮುದುಕ ಬಾಯಿ ಬಿಟ್ಟರು. ಒಂದು ತುತ್ತು, ಇನ್ನೊಂದು, ಮತ್ತೊಂದು. ಹುಳಿಗೋ ಇನ್ನೇತಕ್ಕೋ ಅವರ ಕಣ್ಣಲ್ಲಿ ನೀರು ಬಂತು. ಉಂಡಾದ ಮೇಲೆ ಬಾಟಲಿಯ ಚೀಟಿ ತೋರಿಸಿ, ಅದೇನು ಬರೆದಿದೆಯೆಂದು ನನ್ನನ್ನು ಕೇಳಿದರು. ನಿಂಬೆಕಾಯಿ ಅಂತ ಬರೆದಿದೆ ಮಾವ, ಎಂದೆ. ಅಷ್ಟಕ್ಕೆ ಇಷ್ಟುದ್ದ ಬರೆಯಬೇಕೇ ಎಂದು ಅವರು ನಿಜವಾಗಿಯೂ ಆಶ್ಚರ್ಯಪಟ್ಟರು.

ಅವರು ಎದ್ದು ಗದ್ದೆಯ ಬದುವಿನವರೆಗೆ ನಡೆದ ಮೇಲೆಯೇ ನಾವು ಹಿಂದಿರುಗಿದ್ದು. ಮದ್ದೂರಿನಿಂದ ಮಳವಳ್ಳಿಯವರೆಗೆ ದೇವೀರಮ್ಮನ ಮಾತು ಬಸ್ಸಿನ ಸದ್ದನ್ನೂ ಮೀರಿಸಿತು. ನಾನು ಒಂದೂ ತಪ್ಪು ಹಿಡಿಯದೆ ಕೇಳಿದೆ. ತುಟಿ ಕಚ್ಚಿಕೊಂಡ ಗಾಯ ಎರಡು ದಿನ ಇತ್ತು.

ಮನೆಗೆ ಬಂದವನೇ ಖಾಲಿ ಬಾಟಲಿಗೆ ಹರಳೆಣ್ಣೆ ಸವರಿ ನನ್ನ ಚೀಟಿಯನ್ನು ಕೀಳಲು ಕೂತೆ. ಮಂಡ್ಯ ಸೀಮೆಯ ರಾಗಿಮುದ್ದೆಯ ಅಂಟು, ಮಿತ್ರರೇ. ಅದು ವಿಲಾಯಿತಿ ಗೋಂದಿನಂತೆ ಎಣ್ಣೆಗೆ ಸೋಲುವಂಥದಲ್ಲ. ಚಾಕು ಎತ್ತಿಕೊಂಡೆ. ಒಲೆಯ ಮುಂದಿನಿಂದಲೇ ಅವಳು ನೋಡಿದಳು.

“ಇರ್ಲಿ ಬುಡಿ,” ಎಂದಳು. “ನಿಮ್ಗೂ ಒಸಿ ಗೆಪ್ತಿ ಇರ್ಲಿ.”

‘ಬಿಡಿ’, ‘ಜ್ಞಾಪಕ’ ಎರಡೂ ನಾಲಗೆಯ ತುದಿಯವರೆಗೆ ಬಂದಿದ್ದವು. ನುಂಗಿಕೊಂಡೆ. ಚಾಕುವನ್ನು ಅದರ ಜಾಗಕ್ಕಿಟ್ಟು, ಚೀಟಿಯನ್ನು ಅದರ ಪಾಡಿಗೆ ಬುಟ್ಟೆ.