ಬಲ ಮೊಣಕಾಲಿನ ಬಳಿಯ ಬಟನ್

ಆ ಬಟನ್ನಿನ ಮೇಲೆ ಒಂದು ಪುಟ್ಟ ಕಾರಿನ ಚಿತ್ರವಿದೆ. ಕಾರಿನ ಹಿಂದೆ ಎರಡು ಸೊಟ್ಟ ಗೆರೆಗಳು, ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರದಲ್ಲಿ ಕುಡಿದು, ಊಟ ಮುಗಿಸಿ ಮನೆಗೆ ಹೊರಟ ನಮ್ಮ ಮಾವಂದಿರು ನಡೆದ ದಾರಿಯ ಹಾಗೆ. ಕಾರು ಜಾರಿದರೆ ಅದು ತಾನಾಗಿಯೇ ಇಂಜಿನ್ನಿನ ಕತ್ತು ಹಿಡಿದು, ಚಕ್ರಕ್ಕೆ ಬ್ರೇಕ್ ಕೊಟ್ಟು, ನಮ್ಮನ್ನು ಚರಂಡಿಯಿಂದ ಕಾಪಾಡುವ ಏರ್ಪಾಡು ಈಗಿನ ಕಾರುಗಳಲ್ಲಿದೆ. ಆ ಏರ್ಪಾಡನ್ನು ಆಫ್ ಮಾಡುವ ಬಟನ್ ಅದು. ಸುಖವಾಗಿರುವವರು ಯಾರೂ ಅದನ್ನು ಹುಡುಕುವುದಿಲ್ಲ. ನಾವು ಹುಡುಕಿದ್ದು ಹೋದ ಮಳೆಗಾಲದ ಒಂದು ಮಧ್ಯಾಹ್ನ, ಕಾವೂರಿನ ನಮ್ಮ ಮನೆಗೆ ಹತ್ತುವ ಚಡಾವಿನಲ್ಲಿ.

ಆಗಷ್ಟೇ ನನಗೆ ಹದಿನೆಂಟು ತುಂಬಿ ಲೈಸೆನ್ಸ್ ಬಿಸಿಬಿಸಿಯಾಗಿ ಕೈಗೆ ಬಂದಿತ್ತು. ಟೆಸ್ಟಿನಲ್ಲಿ ನಾನು ಗಾಡಿ ರಿವರ್ಸ್ ತೆಗೆದ ಅಂದಕ್ಕೆ ಇನ್‌ಸ್ಪೆಕ್ಟರರ ಕಣ್ಣಲ್ಲಿ ನೀರು ಬಂತು ಎಂದು ಕಾಲೇಜಿನಲ್ಲಿ ಹೇಳಿಕೊಂಡಿದ್ದೆ. ಧೂಳು ಬಿದ್ದದ್ದಿರಬಹುದು. ನಮ್ಮ ಕಾರಿನ ಪ್ರತಿಯೊಂದು ಬಟನ್ನೂ ನನಗೆ ಗೊತ್ತು ಎಂದೂ ಹೇಳಿದ್ದೆ. ಅಸಲಿಗೆ ನಮ್ಮದು ನಡುದರ್ಜೆಯ ಮಾಡೆಲ್. ದೊಡ್ಡ ಮಾಡೆಲಿನವರಿಗೆ ಬಟನ್ ಇರುವ ಜಾಗದಲ್ಲೆಲ್ಲ ನಮಗೆ ಕಪ್ಪು ಪ್ಲಾಸ್ಟಿಕ್ಕಿನ ಡಮ್ಮಿಗಳು. ಅದರಲ್ಲಿ ಒಂದನ್ನು ಒತ್ತಿದರೆ ಸೀಟು ತಣ್ಣಗಾಗುತ್ತದೆ ಎಂದು ಗೆಳೆಯನೊಬ್ಬನಿಗೆ ಹೇಳಿದ್ದೆ. ಅವನು ಸ್ವಲ್ಪ ಹೊತ್ತು ಕೂತು, "ಹೌದು ಮಾರಾಯ, ಈಗ ತಂಪಾಯ್ತು," ಅಂದಿದ್ದ.

ಪಪ್ಪ ಗಲ್ಫಿನಲ್ಲಿ ಡ್ರೈವರ್ ಆಗಿದ್ದರು. ಎಣ್ಣೆ ಬಾವಿಗಳ ಇಂಜಿನಿಯರುಗಳನ್ನು ಮರಳುಗಾಡಿಗೆ ಕರೆದುಕೊಂಡು ಹೋಗಿ, ಅಷ್ಟೇ ಜನರನ್ನು ವಾಪಸ್ ತರುವ ಕೆಲಸ. ನಾನು ಹುಟ್ಟುವ ಮೊದಲಿನಿಂದ ಅದೇ. ವಿಡಿಯೋ ಕಾಲಿನಲ್ಲಿ ಅವರು ಫೋನನ್ನು ಯಾವಾಗಲೂ ಮೇಲೆ ಹಿಡಿಯುತ್ತಿದ್ದರಾದ್ದರಿಂದ ಸಣ್ಣವನಿದ್ದಾಗ ನನಗೆ ಅಪ್ಪ ಎಂದರೆ ಒಂದು ಹಣೆ. ಹಣೆಗೆ ಗುಡ್‌ನೈಟ್ ಹೇಳಿ ಮಲಗುತ್ತಿದ್ದೆ. ರಜೆಯಲ್ಲಿ ಬಂದು ಈ ಕಾರು ಕೊಂಡಾಗ ಫಾದರ್ ಬಂದು ತೀರ್ಥ ಚಿಮುಕಿಸಿ ಆಶೀರ್ವದಿಸಿದರು. ಮೊದಲ ರೌಂಡಿಗೆ ಹೊರಟ ಪಪ್ಪ ಗತ್ತಿನಿಂದ ಎಡಗಡೆಯ ಬಾಗಿಲು ತೆಗೆದು ಕೂತು, ಸ್ಟಿಯರಿಂಗ್ ಎಲ್ಲಿ ಎಂದು ಗಾಳಿಯಲ್ಲಿ ಕೈಯಾಡಿಸಿದರು. ಗಲ್ಫಿನಲ್ಲಿ ಡ್ರೈವರ್ ಸೀಟು ಎಡಕ್ಕೆ. ನೆರೆಕರೆಯವರು ಅದನ್ನು ಇವತ್ತಿಗೂ ಮರೆತಿಲ್ಲ.

ಹಿಂದಿನ ಕ್ರಿಸ್ಮಸ್ಸಿಗೆ ಬಂದವರು ಮತ್ತೆ ಹೋಗಲಿಲ್ಲ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಕಂಪೆನಿಯ ಡಾಕ್ಟರು ಗೋಡೆಯ ಅಕ್ಷರ ಓದಲು ಹೇಳಿದ್ದು, ಪಪ್ಪ ಓದಿದ್ದು, ಎರಡಕ್ಕೂ ತಾಳೆಯಾಗದೆ ವೀಸಾ ರದ್ದಾಯಿತು. ಇಲ್ಲಿ ಲೇಸರ್ ಮಾಡಿಸಿದರು. "ಈಗ ಕ್ಲಿಯರ್ ಉಂಟು," ಎಂದು ದಿನಾ ಹೇಳುತ್ತಿದ್ದರು, ಮೀನಿನ ಮುಳ್ಳನ್ನು ಅನ್ನದೊಟ್ಟಿಗೆ ನುಂಗಿ ಕೆಮ್ಮುತ್ತಾ. ಸುರಿಯುವ ಮಳೆಯಲ್ಲಿ ಕಾರು ತೊಳೆಯುವ ಏಕೈಕ ಮನುಷ್ಯ ಈ ಜಿಲ್ಲೆಯಲ್ಲಿ ಅವರೇ ಇರಬೇಕು. ತೊಳೆದಾದ ಮೇಲೆ ಪೋರ್ಚಿನಲ್ಲಿ ಕಾರಿನೊಳಗೆ ಸುಮ್ಮನೆ ಕೂರುತ್ತಿದ್ದರು. ಕೀ ಹಾಕುತ್ತಿರಲಿಲ್ಲ. ಊಟಕ್ಕೆ ಕರೆದರೆ ಬಂದು ಉಂಡು ಮತ್ತೆ ಹೋಗಿ ಕೂರುತ್ತಿದ್ದರು. ಆ ಬಗ್ಗೆ ಎಷ್ಟೋ ತಮಾಷೆ ಕಟ್ಟಲು ನೋಡಿದ್ದೇನೆ, ಒಂದಕ್ಕೂ ನಗು ಬರಲಿಲ್ಲ.

ಹಾಗಿರುವಾಗ ಗಲ್ಫಿನಲ್ಲಿ ಪಪ್ಪನ ಜೊತೆಗಿದ್ದ ಒಬ್ಬ ಹಾಜಿಯವರು ಫೋನ್ ಮಾಡಿದರು. ಜೆಪ್ಪುವಿನಲ್ಲಿ ಮನೆ, ಟೂರಿಸ್ಟ್ ಗಾಡಿಗಳನ್ನು ಓಡಿಸುತ್ತಾರೆ, ಒಬ್ಬ ನಂಬಿಕೆಯ ಡ್ರೈವರ್ ಬೇಕು. ಭಾನುವಾರ ಬಂದು ಪಪ್ಪನ ಕೈ ನೋಡುತ್ತಾರಂತೆ. ಅಂದಿನಿಂದ ಪಪ್ಪ ಸೀಟಿ ಹೊಡೆಯಲು ಶುರು ಮಾಡಿದರು. ನರ್ಸ್ ಆಗಿರುವ ಮಮ್ಮಿ ಮಾತ್ರ ನಗಲಿಲ್ಲ.

"ಕಣ್ಣಿನ ವಿಷಯ ನೀವೇ ಹೇಳಿಬಿಡಿ," ಎಂದರು.

"ಕೇಳಿದ್ರೆ ಹೇಳ್ತೇನೆ."

"ಅವರು ಯಾಕೆ ಕೇಳ್ತಾರೆ? ಡ್ರೈವರ್ ಹತ್ರ ಯಾರಾದ್ರೂ ನಿಂಗೆ ಕಣ್ಣು ಕಾಣ್ತದಾ ಅಂತ ಕೇಳ್ತಾರಾ?"

"ಹಾಗಾದ್ರೆ ಹೇಳುವ ಪ್ರಶ್ನೆಯೇ ಇಲ್ಲ."

ಆ ಶನಿವಾರ ಮನೆಯ ದೇವರ ಪೀಠ, ಅಲ್ತಾರಿನ ಎದುರು ಮೂವರೂ ಮೊಣಕಾಲೂರಿದೆವು. ಕೆಲಸ ಸಿಗಲಿ ಎಂದು ನಾನು ಬೇಡಿದೆ. ಮಮ್ಮಿ ಎಂತ ಬೇಡಿದರೆಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಒಂದೇ ಮನೆಯಿಂದ, ಒಂದೇ ಮನುಷ್ಯನ ಬಗ್ಗೆ, ಎರಡು ವಿರುದ್ಧ ಅರ್ಜಿ. ದೇವರ ಗುಮಾಸ್ತರಿಗೆ ತಲೆ ಕೆಟ್ಟಿರಬೇಕು.

ಹಾಜಿಯವರು ತಮ್ಮ ಗಾಡಿಯನ್ನು ಕೆಳಗೆ ರಸ್ತೆಯಲ್ಲೇ ನಿಲ್ಲಿಸಿ ಕೊಡೆ ಹಿಡಿದು ನಡೆದು ಬಂದರು. ನಮ್ಮ ಚಡಾವನ್ನು ನೋಡಿದ ಎಲ್ಲರೂ ಹಾಗೆಯೇ ಮಾಡುತ್ತಾರೆ. ಅದೆಷ್ಟು ಕಡಿದಾಗಿದೆ ಎಂದರೆ ಆಡುಗಳು ಕೂಡ ಮಧ್ಯದಲ್ಲಿ ನಿಂತು ಒಂದು ಸಲ ಯೋಚಿಸುತ್ತವೆ. ಸಾಲದ್ದಕ್ಕೆ ನೀರಿನ ಪೈಪಿಗೆಂದು ಅಗೆದವರು ಕಾಂಕ್ರೀಟಿನ ನಡುವೆ ಕೆಂಪು ಮಣ್ಣು ತುಂಬಿ ಹೋಗಿದ್ದರು. ಮಳೆಗೆ ಅದು ಗಂಜಿಯಾಗಿತ್ತು.

"ಎಂತ ಪೊರ್ಬುಗಳೇ, ಮನೆ ಕಟ್ಲಿಕ್ಕೆ ಆಕಾಶವೇ ಬೇಕಿತ್ತಾ?" ಹಾಜಿಯವರು ಏದುಸಿರು ಬಿಡುತ್ತಾ ನಕ್ಕರು. ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಪೊರ್ಬುಗಳು ಎನ್ನುವುದು ವಾಡಿಕೆ.

"ಏರ್‌ಪೋರ್ಟ್ ಹತ್ರ ಅಲ್ವಾ ಹಾಜಿಯವರೇ. ವಿಮಾನಕ್ಕೆ ಕೈ ತೋರಿಸಿದ್ರೆ ನಿಲ್ತದೆ," ಎಂದರು ಪಪ್ಪ.

"ನಿಮ್ಮ ಗಾಡಿಯಲ್ಲೇ ಒಂದು ರೌಂಡ್ ಹೋಗುವ. ಕೆರೆವರೆಗೆ ಸಾಕು."

ಹಾಜಿಯವರು ಮುಂದೆ, ಪಪ್ಪನ ಪಕ್ಕದಲ್ಲಿ ಕೂತರು. ಕರೆಯದಿದ್ದರೂ ನಾನು ಹಿಂದೆ ಹತ್ತಿದೆ. ಬಲಕ್ಕೆ ತಿರುಗಲು ಪಪ್ಪ ಇಂಡಿಕೇಟರ್ ಹಾಕಿದರೆ ವೈಪರ್ ಜೋರಾಯಿತು. ಗಲ್ಫಿನ ಗಾಡಿಗಳಲ್ಲಿ ಇದು ಅದರ ಕಡೆ, ಅದು ಇದರ ಕಡೆ. ಮಳೆ ಸುರಿಯುತ್ತಿದ್ದುದರಿಂದ ಹಾಜಿಯವರಿಗೆ ಗೊತ್ತಾಗಲಿಲ್ಲ. ಅರಬ್ಬಿ ಸಮುದ್ರದ ಅಷ್ಟೂ ಮೋಡಗಳು ನಮ್ಮ ಮನೆಯ ಮಾನ ಕಾಯಲೆಂದೇ ಬಂದಿದ್ದವು.

ಉಳಿದದ್ದನ್ನು ಕಾಯುವ ಕೆಲಸ ನನ್ನದು. ನಾನು ಬಾಯಿ ಬಿಟ್ಟೆ, ಮುಚ್ಚಲಿಲ್ಲ.

"ಓ ಅಲ್ಲಿ ನೋಡಿ ಹಾಜಿಯವರೇ, ನಡು ರಸ್ತೆಯಲ್ಲಿ ದನ. ಈ ದನಕ್ಕೆ ರೇಷನ್ ಕಾರ್ಡ್ ಸಹ ಇದೇ ಅಡ್ರೆಸ್ಸಿನಲ್ಲಿ ಉಂಟು." ಪಪ್ಪ ದನವನ್ನು ಬಳಸಿ ಹೋದರು. "ಇನ್ನು ಒಂದು ಹಂಪ್ ಬರ್ತದೆ, ಅದರ ಮೇಲೆ ಹೋದ್ರೆ ಹಲ್ಲಿನ ಡಾಕ್ಟರ್ ಬೇಡ." ಪಪ್ಪ ನಿಧಾನ ಮಾಡಿದರು. "ಎಡಗಡೆ ಕೆಂಪು ಕೊಡೆಯ ಹೆಂಗಸು ನಮ್ಮ ಟೀಚರ್ ಆಗಿದ್ದರು, ದಾಟ್ಲಿಕ್ಕೆ ನಿಂತಿದ್ದಾರೆ." ಪಪ್ಪ ನಿಲ್ಲಿಸಿದರು. ಟೀಚರಮ್ಮ ದಾಟಿದರು. ಆ ಹೆಂಗಸನ್ನು ನಾನು ಜೀವಮಾನದಲ್ಲಿ ನೋಡಿದವನಲ್ಲ.

"ನಿಮ್ಮ ಮಗ ಎಂತ ಮಾರಾಯ್ರೆ, ಕ್ರಿಕೆಟ್ ಕಮೆಂಟ್ರಿಯಾ?" ಹಾಜಿಯವರು ಹೊಟ್ಟೆ ಹಿಡಿದು ನಗುತ್ತಿದ್ದರು.

"ಅವನದ್ದು ಸಣ್ಣದಿಂದ ಹಾಗೇ," ಎಂದರು ಪಪ್ಪ. ಹಿಂದಿನಿಂದ ನನಗೆ ಕಾಣುತ್ತಿದ್ದುದು ಅವರ ಕುತ್ತಿಗೆ. ಎ.ಸಿ. ತಂಪಿನಲ್ಲೂ ಅದರಲ್ಲಿ ಬೆವರು ಇಳಿಯುತ್ತಿತ್ತು. ನಾನು ಒಂದು ಮಾತು ತಡ ಮಾಡಿದ್ದರೆ ಆ ಕೊಡೆಯ ಹೆಂಗಸು ಎಲ್ಲಿರುತ್ತಿದ್ದರು ಎಂದು ಯೋಚಿಸದಿರಲು ಮತ್ತೂ ಜೋರಾಗಿ ಮಾತಾಡಿದೆ.

ಕೆರೆಯ ಬಳಿ ತಿರುಗಿಸಿ ಹೊರಟಾಗ ಹಾಜಿಯವರು ಅಂದೇಬಿಟ್ಟರು: "ಕೈ ಅದೇ ಕೈ. ಸೋಮವಾರದಿಂದ ಬನ್ನಿ." ಪಪ್ಪನ ಕುತ್ತಿಗೆ ಒಮ್ಮೆಲೇ ಉದ್ದವಾದ ಹಾಗೆ ಕಂಡಿತು.

ಅಲ್ಲಿಗೇ ಹಾಜಿಯವರನ್ನು ಅವರ ಗಾಡಿಯ ಹತ್ತಿರ ಇಳಿಸಿದ್ದರೆ ಆಗುತ್ತಿತ್ತು. ಆದರೆ ನಮ್ಮಲ್ಲಿ ಮನೆಗೆ ಬಂದವರನ್ನು ಚಾ ಕೊಡದೆ ಕಳಿಸುವ ಕ್ರಮವಿಲ್ಲ. ಮಮ್ಮಿ ಬಾಳೆಹಣ್ಣನ್ನು ಹಿಟ್ಟಿನಲ್ಲಿ ಅದ್ದಿ ಪೋಡಿ ಕಾಯಿಸುತ್ತಿದ್ದರು. "ಮೇಲೆ ಹೋಗುವ, ಒಂದು ಚಾ ಕುಡಿದು ಹೋಗಿ," ಎಂದು ಪಪ್ಪ ಚಡಾವಿಗೆ ತಿರುಗಿಸಿದರು.

ಅರ್ಧ ಹತ್ತಿದ ಕಾರು ಕೆಂಪು ಗಂಜಿಯಲ್ಲಿ ನಿಂತಿತು. ಪಪ್ಪ ಎಷ್ಟು ಒತ್ತಿದರೂ ಇಂಜಿನ್ ಗುಂಯ್ ಎಂದು ಶುರುವಾಗಿ, ಯಾರೋ ಬಾಯಿ ಮುಚ್ಚಿದ ಹಾಗೆ ಅಡಗಿಬಿಡುತ್ತಿತ್ತು. ಪಪ್ಪ ಹ್ಯಾಂಡ್‌ಬ್ರೇಕ್ ಎಳೆದರು. ಅವರಿಗೆ ಸ್ವಲ್ಪವೂ ಗಾಬರಿಯಿರಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯಾಗಿದ್ದರು.

"ಚಕ್ರ ಜಾರ್ತದಲ್ಲ ಹಾಜಿಯವರೇ, ಗಾಡಿ ಹೆದರ್ತದೆ. ಹೆದರಿ ಪವರ್ ಕಟ್ ಮಾಡ್ತದೆ. ಮರಳಲ್ಲೂ ಇದೇ ಕಥೆ. ಮೊದಲು ಅದನ್ನು ಆಫ್ ಮಾಡ್ಬೇಕು, ಮತ್ತೆ ಚಕ್ರ ಸುತ್ತಿ ಸುತ್ತಿ ತಾನೇ ದಾರಿ ಮಾಡ್ತದೆ."

"ಹಾಂ, ಇದು ಕೆಲಸ ಗೊತ್ತಿದ್ದವರ ಮಾತು."

ಪಪ್ಪನ ಕೈ ನೋಡದೆಯೇ ಸ್ಟಿಯರಿಂಗಿನ ಎಡಗಡೆಗೆ, ಕೆಳಕ್ಕೆ ಹೋಯಿತು. ಅಲ್ಲಿದ್ದದ್ದು ಒಂದು ಡಮ್ಮಿ. ಅದನ್ನೇ ಒತ್ತಿ ಹಿಡಿದರು, ತುಂಬಾ ಗಾಂಭೀರ್ಯದಿಂದ. ಏನೂ ಆಗಲಿಲ್ಲ. ಇನ್ನೊಂದನ್ನು ಒತ್ತಿದರು. ಅದೂ ಡಮ್ಮಿ. ಮೂರನೆಯದಕ್ಕೆ ನಾಲ್ಕೂ ಇಂಡಿಕೇಟರುಗಳು ಟಿಕ್ ಟಿಕ್ ಎಂದು ಮಿನುಗತೊಡಗಿದವು.

"ಇಲ್ಲೇ ಉಂಟು... ಇಲ್ಲೇ ಇರ್ತದೆ," ಎಂದರು. ಬೆರಳುಗಳು ಡ್ಯಾಶ್‌ಬೋರ್ಡಿನ ಮೇಲೆ ಪಿಯಾನೋ ನುಡಿಸುವವರ ಹಾಗೆ ಓಡಾಡಿದವು.

"ಪಪ್ಪ, ಅಲ್ಲಿಯ ಗಾಡಿಯಲ್ಲಿ ಎಲ್ಲಿತ್ತು?"

"ಎಡ ಮೊಣಕಾಲಿನ ಹತ್ರ."

ಆಗ ನನ್ನ ತಲೆಯಲ್ಲಿ ಬೆಳಗಿದ ಬೆಳಕಿಗೆ ಇಡೀ ಕಾವೂರಿಗೆ ಕರೆಂಟ್ ಕೊಡಬಹುದಿತ್ತು. ಅಲ್ಲಿ ಎಡವಾದರೆ ಇಲ್ಲಿ ಬಲ! ನಾನು ಮಳೆಗೆ ಹಾರಿ, ಕೆಸರಿನಲ್ಲಿ ಚಪ್ಪಲಿ ಬಿಟ್ಟು, ಡ್ರೈವರ್ ಬಾಗಿಲು ತೆಗೆದು, ಪಪ್ಪನ ಬಲ ಮೊಣಕಾಲಿನ ಬಳಿ ತಲೆ ತೂರಿಸಿದೆ. ಸ್ಟಿಯರಿಂಗಿನ ಅಡಿಯಲ್ಲಿ, ಹೆಡ್‌ಲೈಟ್ ಏರಿಸುವ ಚಕ್ರದ ಪಕ್ಕದಲ್ಲಿ ಅದು ಕೂತಿತ್ತು: ಪುಟ್ಟ ಕಾರು, ಸೊಟ್ಟ ಗೆರೆ.

"ಸಿಕ್ಕಿತು! ಹಾಜಿಯವರೇ, ನನಗೂ ಒಂದು ಕೆಲಸ ಕೊಡಿ!"

"ಒತ್ತಿ ಹಿಡಿ ಪುತಾ," ಎಂದರು ಪಪ್ಪ. ಮಗನೇ ಎನ್ನಲು ಕೊಂಕಣಿಯಲ್ಲಿ ಹಾಗೆನ್ನುತ್ತೇವೆ. "ಮುಟ್ಟಿ ಬಿಟ್ರೆ ಆಗುವುದಿಲ್ಲ. ಮೀಟರಿನಲ್ಲಿ ಲೈಟ್ ಬರುವವರೆಗೆ ಹಿಡೀಬೇಕು."

ಹಿಡಿದೆ. ನನ್ನ ತಲೆ ಸ್ಟಿಯರಿಂಗಿನ ಕೆಳಗೆ, ಬೆನ್ನು ಮಳೆಯಲ್ಲಿ. ಮೀಟರ್ ನನಗೆ ಕಾಣುತ್ತಿರಲಿಲ್ಲ.

"ಬಂತಾ ಪಪ್ಪ?"

ಮೇಲೆ ಸೀಟು ಕಿರುಗುಟ್ಟಿತು.

"ಲೈಟ್ ಬಂತಾ?"

"ಇಲ್ಲ. ಇನ್ನೂ ಹಿಡಿ."

ಹಿಡಿದೆ. ಬೆರಳ ತುದಿ ಬೆಳ್ಳಗಾಗುವಷ್ಟು ಒತ್ತಿದೆ. ಪಪ್ಪನ ಮೊಣಕಾಲು ನನ್ನ ಕೆನ್ನೆಗೆ ಒತ್ತಿಕೊಂಡಿತ್ತು.

"ಈಗ?"

"ಇಲ್ಲ ಪುತಾ... ಬರ್ಲಿಲ್ಲ."

ಆಗ ಆ ಕಡೆಯಿಂದ ಹಾಜಿಯವರ ದನಿ ಕೇಳಿಸಿತು. ಅದರಲ್ಲಿ ನಗು ಇರಲಿಲ್ಲ. "ಬಂದು ಆಗಿದೆಯಲ್ಲ ಪೊರ್ಬುಗಳೇ. ಆಗಲೇ ಬಂದಿದೆ. ನಿಮ್ಮ ಎದುರೇ ಉಂಟು."

ಇಂಡಿಕೇಟರುಗಳು ಇನ್ನೂ ಟಿಕ್ ಟಿಕ್ ಎನ್ನುತ್ತಿದ್ದವು. ನಾನು ಬಟನ್ ಬಿಟ್ಟು ತಲೆ ಎತ್ತಿದೆ. ಸ್ಟಿಯರಿಂಗಿನ ಸಂದಿಯಲ್ಲಿ ಮೀಟರಿನ ನಡುವೆ ಅದು ಉರಿಯುತ್ತಿತ್ತು, ಹೆಬ್ಬೆರಳಿನ ಉಗುರಿನಷ್ಟು ದೊಡ್ಡದಾಗಿ. ಪಪ್ಪ ಅದರತ್ತಲೇ ನೋಡುತ್ತಿದ್ದರು.

ಆಮೇಲೆ ಪಪ್ಪ ಗಾಡಿ ಹತ್ತಿಸಿದರು. ಹೇಗೆ ಹತ್ತಿಸಿದರು! ಚಕ್ರ ಸುತ್ತಲು ಬಿಟ್ಟು, ಸ್ಟಿಯರಿಂಗನ್ನು ಆಚೆ ಈಚೆ ಚೂರೇ ಚೂರು ಆಡಿಸಿ, ಕೆಂಪು ಮಣ್ಣನ್ನು ಪಕ್ಕದ ಕಂಪೌಂಡಿನ ಮೇಲೆ ಎರಚಿ, ಕಾರನ್ನು ಒಂದೇ ಉಸಿರಿಗೆ ಪೋರ್ಚಿಗೆ ತಂದು ನಿಲ್ಲಿಸಿದರು. ನಾನು ಹಿಂದಿನಿಂದ ಬರಿಗಾಲಲ್ಲಿ ಓಡಿದೆ. ಈ ಊರಿನಲ್ಲಿ ಇನ್ನೊಬ್ಬರಿಂದ ಅದು ಸಾಧ್ಯವಿಲ್ಲ. ಇದನ್ನು ನಾನು ಉಪ್ಪು ಖಾರ ಹಚ್ಚಿ ಹೇಳುತ್ತಿಲ್ಲ.

ಹಾಜಿಯವರು ಎರಡು ಪೋಡಿ ತಿಂದರು, ಮಮ್ಮಿಯ ಕೈ ಹೊಗಳಿದರು, ನನ್ನ ಕಾಲೇಜು ಕೇಳಿದರು. ಕಣ್ಣಿನ ಬಗ್ಗೆ ಏನೂ ಕೇಳಲಿಲ್ಲ. ಪಪ್ಪ ಹೇಳಲೂ ಇಲ್ಲ. ಏಳುವಾಗ, "ಸೋಮವಾರ ಬೇಡ ಪೊರ್ಬುಗಳೇ, ನಾನು ಹೇಳಿ ಕಳಿಸ್ತೇನೆ," ಎಂದರು.

"ಕೆಳಗೆವರೆಗೆ ಬಿಡ್ತೇನೆ," ಎಂದು ಪಪ್ಪ ಕೀ ಹಿಡಿದರು.

"ಬೇಡ, ಬೇಡ. ನಡೀತೇನೆ. ನನಗೂ ಶುಗರ್ ಉಂಟಲ್ಲ, ನಡೆದ್ರೆ ಒಳ್ಳೇದು."

ನಾನು ಬಿಡುತ್ತೇನೆ ಎಂದರೂ ಕೇಳಲಿಲ್ಲ. ಪ್ಯಾಂಟು ಎತ್ತಿ ಹಿಡಿದು, ಜಾರುವ ಮಣ್ಣಿನಲ್ಲಿ ಗೋಡೆ ಹಿಡಿದುಕೊಂಡು ಇಳಿದು ಹೋದರು. ಮಮ್ಮಿ ಒಳಗೆ ತಟ್ಟೆಗಳನ್ನು ತೊಳೆಯುತ್ತಿದ್ದರು. ಅವರ ಅರ್ಜಿ ಪಾಸಾಗಿತ್ತು. ಗೆದ್ದವರು ಅಷ್ಟು ಹೊತ್ತು ಒಂದೇ ತಟ್ಟೆಯನ್ನು ತೊಳೆಯುವುದನ್ನು ನಾನು ಮತ್ತೆಲ್ಲೂ ನೋಡಿಲ್ಲ.

ಪಪ್ಪ ಕಾರಿನೊಳಗೆ ಹೋಗಿ ಕೂತರು. ನಾನೂ ಪಕ್ಕದಲ್ಲಿ ಹೋಗಿ ಕೂತೆ. ಅವರು ಕೀ ತಿರುಗಿಸಿ ಇಂಜಿನ್ ಶುರು ಮಾಡಿದರು.

"ಯಾವ ಬಣ್ಣ ಇತ್ತು ಅದು?" ಎಂದು ಕೇಳಿದರು.

"ಅರಶಿನ."

"ಈಗ ಉಂಟಾ?"

"ಇಲ್ಲ. ಬಂದ್ ಮಾಡಿ ಶುರು ಮಾಡಿದ್ರೆ ತಾನೇ ಹೋಗ್ತದೆ."

"ಮತ್ತೊಮ್ಮೆ ಒತ್ತು."

ನಾನು ಅವರ ಮೊಣಕಾಲಿನ ಮೇಲೆ ಬಾಗಿ ಒತ್ತಿ ಹಿಡಿದೆ. ದೀಪ ಬಂತು. ಪಪ್ಪ ಮುಂದಕ್ಕೆ ಬಾಗಿದರು, ಮೂಗು ಸ್ಟಿಯರಿಂಗಿಗೆ ತಾಗುವಷ್ಟು. ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸಿ ನೋಡಿದರು.

"ಬಂದಿದೆಯಾ?"

"ಬಂದಿದೆ ಪಪ್ಪ."

"ತೆಗಿ." ತೆಗೆದೆ. "ಹಾಕು." ಹಾಕಿದೆ. ಹಾಗೆ ಎಷ್ಟೋ ಸಲ ಮಾಡಿದೆವು. ಪ್ರತಿ ಸಲವೂ ಅವರು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಕೊನೆಗೆ ಬೆರಳು ಸೋತು ನಾನು ದೀಪ ಆರಿಸಿ ಕೈ ತೆಗೆದು ನೆಟ್ಟಗೆ ಕೂತೆ.

"ಹಾಂ," ಎಂದರು ಪಪ್ಪ, ಮೀಟರಿನಿಂದ ಮುಖ ತೆಗೆಯದೆ. "ಈಗ ಕಂಡಿತು ಪುತಾ. ಸಣ್ಣಕ್ಕೆ ಉಂಟು. ಅರಶಿನ."

ಮೀಟರಿನಲ್ಲಿ ಏನೂ ಇರಲಿಲ್ಲ.

"ಹೌದು ಪಪ್ಪ," ಎಂದೆ. "ಉಂಟು."