ವೆಂಕಟರಮಣಪ್ಪನವರು ಕಿತ್ತ ಹೂ

ಸಿಂಗಸಂದ್ರದಲ್ಲಿ ಉಳಿದವರು ಆರೋಗ್ಯಕ್ಕೆಂದು ಬೆಳಗಿನ ವಾಕಿಂಗ್ ಹೋದರೆ, ವೆಂಕಟರಮಣಪ್ಪನವರು ಹೋಗುತ್ತಿದ್ದದ್ದು ದೇವರಿಗೆಂದು. ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಕಾಂಪೌಂಡಿನಾಚೆ ಇಣುಕಿದ್ದು ದಾಸವಾಳವೋ, ಕಣಗಿಲೆಯೋ, ಸೀದಾ ಕವರಿಗೆ. ಯಾರಾದರೂ ಗದರಿದರೆ, "ಕಾಂಪೌಂಡ್ ನಿಮ್ದು ಸಾರ್, ಹೂವು ದೇವರ್ದು" ಎನ್ನುತ್ತಿದ್ದರು. ಸರ್ಕಾರಿ ಕಾರ್ಖಾನೆಯ ಟೂಲ್ ರೂಮಿನಿಂದ ನಿವೃತ್ತರಾಗುವವರೆಗೂ ಒಂದು ಸ್ಕ್ರೂ ಮನೆಗೆ ತಂದವರಲ್ಲ. ಅವರ ಪ್ರಾಮಾಣಿಕತೆ ರಜೆ ಹಾಕುತ್ತಿದ್ದದ್ದು ಹೂವಿನ ವಿಷಯದಲ್ಲಿ ಮಾತ್ರ.

ಮಗಳು ಊರ್ಮಿಳಾ ಎಲೆಕ್ಟ್ರಾನಿಕ್ ಸಿಟಿಯ ಒಂದು ಲ್ಯಾಬಿನಲ್ಲಿ ಸಸ್ಯವಿಜ್ಞಾನಿ. ಅವಳ ಟೊಮೆಟೊ ಗಿಡಗಳು ಎಲೆಯ ಮೇಲೆ ಎಲೆ ಬಿಡುತ್ತಿದ್ದವು; ಹೂ ಬಿಡಿ ಎಂದರೆ ಊಹೂಂ. ಏಕೆಂದು ಅವಳು ಊಟದ ಹೊತ್ತಿನಲ್ಲಿ ವಿವರಿಸಿದ್ದಳು.

"ಜೀನ್‌ನಲ್ಲಿರೋ ಮಾಹಿತೀನ ಜೀವಕೋಶ ಮೊದ್ಲು ನಕಲು ಮಾಡ್ಕೊಳ್ಳುತ್ತೆ ಅಪ್ಪಾ. ಅದೇ ಆರ್‌ಎನ್‌ಎ. ಅದರಲ್ಲಿ ಬೇಡದ ತುಂಡುಗಳಿರುತ್ತೆ. ಕತ್ತರಿಸಿ ತೆಗೆದು, ಉಳಿದಿದ್ದನ್ನ ಜೋಡಿಸ್ಬೇಕು. ಎಲ್ಲಿ ಕತ್ತರಿಸ್ಬೇಕು ಅಂತ ಆರ್‌ಎನ್‌ಎಗೆ ಅಂಟ್ಕೊಂಡು ತೋರಿಸೋದು ಒಂದು ಪ್ರೋಟೀನು. ಈ ಗಿಡಗಳಲ್ಲಿ ಅದೇ ಇಲ್ಲ."

"ಅಂದ್ರೆ ಕಟಿಂಗ್ ಇದೆ, ಫಿಟ್ಟಿಂಗ್ ಇದೆ, ಮಾರ್ಕಿಂಗ್ ಮಾಡೋನು ರಜ."

"ರಜ ಅಲ್ಲಪ್ಪಾ, ಡಿಸ್ಮಿಸ್. ಅವನಿಲ್ದಿದ್ರೆ ಏನಾಗುತ್ತೆ ನೋಡೋಣ ಅಂತ ನಾವೇ ಮಾಡಿದ್ದು."

"ಯೂನಿಯನ್ನೋರು ಸುಮ್ನಿದ್ರಾ?"

ಆ ಪ್ರೋಟೀನನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಂಡ ಗಿಡ ಒಂದೇ ಒಂದು ಬದುಕಿತ್ತು. ಅದು ಹೂ ಬಿಟ್ಟು, ಆ ಹೂವಿನ ಆರ್‌ಎನ್‌ಎ ಸರಿಯಾಗಿ ಜೋಡಣೆಯಾಗಿದ್ದರೆ ಮಾತ್ರ ಊರ್ಮಿಳೆಯ ವರ್ಷಗಟ್ಟಲೆಯ ದುಡಿಮೆ ಸಾರ್ಥಕ.

ಆಯುಧಪೂಜೆಗೆ ಲ್ಯಾಬಿನವರು ಮನೆಮಂದಿಯನ್ನೂ ಕರೆದರು. ಪೂಜೆಗೆ ವೆಂಕಟರಮಣಪ್ಪನವರೇ ಕುಳಿತರು. ಟೂಲ್ ರೂಮಿನಲ್ಲಿ ಲೇತ್ ಮಷೀನುಗಳಿಗೆ ಕುಂಕುಮವಿಟ್ಟು ಪಳಗಿದ ಕೈ. ಮೈಕ್ರೋಸ್ಕೋಪಿಗೆ, ಫ್ರೀಜರಿಗೆ ಚೆಂಡುಹೂ ಸಾಕು. ದೇವಿಯ ಪಟಕ್ಕೂ ಮಾರ್ಕೆಟ್ಟಿನ ಬಾಡಿದ ಹೂವೇ? ಮನಸ್ಸು ಒಪ್ಪಲಿಲ್ಲ. ಎದ್ದು ಪಕ್ಕದ ಗಾಜಿನ ಮನೆಗೆ ಹೋದರು. ಎಲೆಗಳ ನಡುವೆ ಪುಟ್ಟ ಹಳದಿ ಹೂವೊಂದು ಕಂಡಿತು. ತಲೆ ಯೋಚಿಸುವ ಮೊದಲೇ ಕೈ ಕಿತ್ತಾಗಿತ್ತು.

ಕರ್ಪೂರ ಹಚ್ಚುವಷ್ಟರಲ್ಲಿ ಊರ್ಮಿಳಾ ಪಟ ನೋಡಿದಳು. "ಅಪ್ಪಾ, ಆ ಹೂವು..."

"ಫ್ರೆಶ್ಶು ಕಣಮ್ಮಾ, ಈಗ ತಾನೇ ಕಿತ್ತಿದ್ದು."

"ನನ್ನ ಗಿಡದ್ದು ಅಪ್ಪಾ ಅದು! ಪೂಜೆ ಆದ್ಮೇಲೆ ಕೀಳೋಣ ಅಂತಿದ್ದೆ. ಕಿತ್ತ ತಕ್ಷಣ ಫ್ರೀಜ್ ಮಾಡ್ಬೇಕು. ಇಲ್ದಿದ್ರೆ ಆರ್‌ಎನ್‌ಎ ಹಾಳಾಗೋಗುತ್ತೆ."

ಪಟದತ್ತ ಚಾಚಿದ ಅವಳ ಕೈ ಅರ್ಧಕ್ಕೇ ನಿಂತಿತು. ಮಂಗಳಾರತಿಗೆ ಮುಂಚೆ ದೇವರ ಮುಡಿಯಿಂದ ಹೂ ತೆಗೆದ ಮನೆತನವಲ್ಲ ಅವರದು. ಇನ್ನು ವೆಂಕಟರಮಣಪ್ಪನವರ ಮಂಗಳಾರತಿಯೋ, ಪುರಿ ಹಂಚಲು ಕಾದವರು ಗೋಡೆಗೊರಗಿ ತೂಕಡಿಸುವಷ್ಟು ದೀರ್ಘ. ಒಂದೇ ಒಂದು ಶ್ಲೋಕವನ್ನೂ ಬಿಟ್ಟು ಗೊತ್ತಿಲ್ಲದ ಮನುಷ್ಯ.

ಅವರು ಮಗಳ ಮುಖ ನೋಡಿದರು. ಗಂಟೆ ಟಣ್ ಎಂದಿತು, ತಟ್ಟೆ ಒಂದೇ ಸುತ್ತು ಸುತ್ತಿತು. "ತಾಯೀ, ಬಾಕಿ ಶ್ಲೋಕ ಮನೇಲಿ ಓವರ್‌ಟೈಮ್ ಮಾಡಿ ಮುಗಿಸ್ತೀನಿ" ಎಂದು ಹೂವನ್ನೆತ್ತಿ, "ತಗೋ ಪ್ರಸಾದ, ಓಡು" ಎಂದರು.

ಊರ್ಮಿಳಾ ಓಡಿದಳು. ದ್ರವ ಸಾರಜನಕಕ್ಕೆ ಬಿದ್ದ ಹೂವಿನ ಸುತ್ತ ಬಿಳಿ ಹೊಗೆ ಎದ್ದಿತು. ಸಹೋದ್ಯೋಗಿ ಸಿದ್ಧಾರ್ಥ್, "ಅಂಕಲ್, ಧೂಪ ನಮ್ಮ ಕಡೆಯಿಂದ" ಎಂದ. ವೆಂಕಟರಮಣಪ್ಪನವರಿಗೆ ನಗು ಬರಲಿಲ್ಲ.

ಮರುದಿನದಿಂದ ಕವರಿಲ್ಲದ ವಾಕಿಂಗ್. ಬೀದಿಯವರು ಹುಷಾರಿಲ್ಲವೇನೋ ಎಂದುಕೊಂಡರು. ಕೊನೆಗೊಂದು ಮಧ್ಯಾಹ್ನ ಊರ್ಮಿಳಾ ಫೋನ್ ಮಾಡಿದಳು.

"ಅಪ್ಪಾ, ಜೋಡಣೆ ಕರೆಕ್ಟಾಗಿದೆ! ಕತ್ತರಿಸ್ಬೇಕಾದ ಕಡೇನೇ ಕತ್ತರಿಸಿದೆ."

ಅವರು ನಿಂತಲ್ಲಿಂದಲೇ ದೇವರ ಪಟಕ್ಕೆ ಕೈ ಮುಗಿದರು. "ಸದ್ಯ. ಮುಗೀತಲ್ಲ?"

"ಎಲ್ಲಿ ಮುಗೀತು? ಒಂದು ಹೂ ನೋಡಿ ಯಾರೂ ನಂಬಲ್ಲ. ಅದೇ ಗಿಡದಲ್ಲಿ ಇನ್ನೊಂದು ಮೊಗ್ಗು ಬಂದಿದೆ, ಬಂದು ನೋಡು."

ಹೋದರು. ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡೇ ಗಾಜಿನ ಮನೆಯೊಳಗೆ ಕಾಲಿಟ್ಟರು. ಮೊಗ್ಗಿನ ಮುಂದೆ ಸೊಂಟ ಬಗ್ಗಿಸಿ, "ಅವಸರ ಏನಿಲ್ಲ ಪುಟ್ಟಾ, ನಿಧಾನಕ್ಕೆ ಅರಳು" ಎಂದರು.