ದೀಪ ದೊಡ್ಡದು ಮಾಡ್ರಿ

ಅಂಧೇರಿಯ ಆ ಚಾಳಿನಲ್ಲಿ ಪರಪ್ಪನಿಗೆ ಡಬ್ಬಾವಾಲಾ ಎಂದು ಹೆಸರು ಬಿದ್ದಿತ್ತು. ಹೊಸದಾಗಿ ಬಂದ ಬಾಡಿಗೆಯವರು ಅವನನ್ನು ಊಟದ ಡಬ್ಬಿ ಹೊರುವವನೆಂದೇ ತಿಳಿದು, ಮನೆಯವರ ಆಫೀಸಿನ ವಿಳಾಸ ಹೇಳಲು ಬಾಗಿಲಿಗೆ ಬರುತ್ತಿದ್ದರು. ಬಂದವರಿಗೆ ಕಾಣುತ್ತಿದ್ದದ್ದು ಒಂದೇ ಕೋಣೆಯ ಖೋಲಿಯ ಅರ್ಧ ಭಾಗ ತುಂಬಿದ ತಗಡು, ತಂತಿ, ವಾಲ್ವು, ಹಳೆಯ ಸ್ಪೀಕರು. ನಡುವೆ ಬೆನ್ನು ಬಗ್ಗಿಸಿ ಕೂತ ಒಬ್ಬ ದಣಿದ ಮನುಷ್ಯ. ಅವನು ಕತ್ತೆತ್ತಿ ನೋಡುವಷ್ಟರಲ್ಲಿ ಅವರೇ ನಾಚಿಕೊಂಡು ಹೊರಟುಹೋಗುತ್ತಿದ್ದರು.

ಧಾರವಾಡದ ಕಡೆಯಿಂದ ಬಂದವನು. ಹಗಲೆಲ್ಲ ಗ್ರಾಂಟ್ ರೋಡಿನ ಹತ್ತಿರದ ರೇಡಿಯೋ ರಿಪೇರಿ ಅಂಗಡಿಯಲ್ಲಿ ದುಡಿತ, ಸಂಜೆ ಲೋಕಲ್ ರೈಲಿನಲ್ಲಿ ನೇತಾಡುತ್ತ ಮನೆ. ಬಂದು ಚಹಾ ಕುಡಿದರೆ ಮತ್ತೆ ಅದೇ ಬೆಸುಗೆ ಕೆಲಸ. ಮದುವೆಗೆ, ಗಣಪತಿಗೆ, ಹೋಟೆಲಿಗೆ ಬೇಕಾದ ಆಂಪ್ಲಿಫೈಯರುಗಳನ್ನು ಮನೆಯಲ್ಲೇ ಕಟ್ಟಿಕೊಡುತ್ತಿದ್ದ. ಪೆಟ್ಟಿಗೆಯೂ ಅವನದೇ ಕೈಕೆಲಸ. ಎಣ್ಣೆ ಡಬ್ಬಿಯ ತಗಡು ಬಿಚ್ಚಿ, ತಟ್ಟಿ ಮಟ್ಟಸ ಮಾಡಿ, ಮಡಚಿ, ಮೂಲೆಗೆ ರಿವೆಟ್ ಹೊಡೆದು, ಮೇಲೆ ಬೂದು ಬಣ್ಣ ಬಳಿದರೆ ಡಬ್ಬಿ ಸಿದ್ಧ. ಸುಖಕ್ಕೆ ಮಾಡುತ್ತಿದ್ದನೆಂದು ಯಾರಾದರೂ ಅಂದುಕೊಂಡರೆ ಅದು ಅವರ ಭ್ರಮೆ. ಬಿಡಲು ಬಾರದ್ದಕ್ಕೆ ಮಾಡುತ್ತಿದ್ದ.

ಒಂದು ಕೆಲಸದಲ್ಲಿ ಮಾತ್ರ ಅವನ ಮುಖದ ದಣಿವು ಸ್ವಲ್ಪ ಸಡಿಲಾಗುತ್ತಿತ್ತು. ಅದು ಪೆಟ್ಟಿಗೆಯ ಮುಂಭಾಗಕ್ಕೆ ದೀಪ ಕೂಡಿಸುವುದು. ಕೈ ಡ್ರಿಲ್ಲಿನಿಂದ ಸಣ್ಣ ತೂತು ಕೊರೆದು, ದುಂಡನೆಯ ಅರದಿಂದ ಉಜ್ಜಿ ಉಜ್ಜಿ ಹಿಗ್ಗಿಸಿ, ತಗಡಿನ ಅಂಚು ತಂತಿಯನ್ನು ಕೊಯ್ಯದಂತೆ ರಬ್ಬರಿನ ಬಳೆ ತೊಡಿಸುತ್ತಿದ್ದ. ಹಿಂದೆ ಬಟಾಣಿ ಕಾಳಿನಂಥ ಬಲ್ಬು, ಮುಂದೆ ಸೈಕಲ್ಲಿನ ಹಿಂದೀಪದಿಂದ ಕಳಚಿದ ಕೆಂಪು ಗಾಜು. ವಾಲ್ವುಗಳನ್ನು ಬಿಸಿ ಮಾಡುವ ತಂತಿಯಿಂದಲೇ ಎರಡು ಎಳೆ ತೆಗೆದು, ಗುಂಯ್ ಎಂಬ ಸದ್ದು ಬಾರದಂತೆ ಜಡೆಯ ಹಾಗೆ ಹೆಣೆದು ಬಲ್ಬಿಗೆ ಬೆಸೆಯುತ್ತಿದ್ದ. ಬೇರೆಯವರು ಅದನ್ನು ಪೈಲಟ್ ಎನ್ನುತ್ತಿದ್ದರು. ಅವನಿಗೆ ಅದು ದೀಪ. ಮೊದಲ ಸಲ ಹತ್ತಿದಾಗ ಕೈ ತಾನಾಗಿ ಎದೆಗೆ, ಹಣೆಗೆ ಹೋಗುತ್ತಿತ್ತು.

ದೀಪ ಎಂದಮೇಲೆ ಅದರ ಕಟ್ಟಳೆಯೂ ಬಂತಲ್ಲ. ಉರಿಯುವ ದೀಪವನ್ನು ಆರಿಸು, ನಂದಿಸು ಎಂದು ಅವನ ಮನೆಯಲ್ಲಿ ಯಾರೂ ಬಾಯಿಬಿಟ್ಟು ಅನ್ನುತ್ತಿರಲಿಲ್ಲ, ಅಪಶಕುನ. ದೀಪ ದೊಡ್ಡದು ಮಾಡು ಎಂದರೆ ಆರಿಸು ಎಂದೇ ಅರ್ಥ. ಅಂಗಡಿಯಲ್ಲಿ ದಿನವಿಡೀ ಹಿಂದಿಯಲ್ಲಿ ಬಂದ್ ಕರೋ ಎನ್ನುವ ಪರಪ್ಪನಿಗೆ ಕನ್ನಡದಲ್ಲಿ ಮಾತ್ರ ನಾಲಿಗೆ ಹೊರಳುತ್ತಿರಲಿಲ್ಲ.

ಅವನ ಹೆಂಡತಿ ಚಂದ್ರವ್ವ. ಊರಲ್ಲಿದ್ದಾಗ ಅವಳದು ಹೊಲದ ಈ ಬದುವಿನಿಂದ ಆ ಬದುವಿಗೆ ಮುಟ್ಟುವ ದನಿ. ಬೀಸುವ ಪದ ಹಿಡಿದಳೆಂದರೆ ಓಣಿಯ ಹೆಂಗಸರೆಲ್ಲ ಕೈಯೊಳಗಿನ ಕೆಲಸ ಬಿಟ್ಟು ಕೇಳುತ್ತಿದ್ದರು. ಚಾಳಿನ ಗೋಡೆ ಹಲಗೆಯದು. ಅದರಾಚೆ ರಾತ್ರಿ ಪಾಳಿ ಮುಗಿಸಿ ಬಂದ ಗಿರಣಿಯವನು ಹಗಲು ಮಲಗುತ್ತಿದ್ದ. ರಾತ್ರಿ ಅವನ ಮಕ್ಕಳು. ಪಿಸುಮಾತಿನಲ್ಲೇ ಸಂಸಾರ ಮಾಡುತ್ತ ಮಾಡುತ್ತ ಅವಳಿಗೆ ಗಟ್ಟಿ ದನಿಯೇ ಮರೆತುಹೋಗಿತ್ತು. ಹೀಗಾದದ್ದು ಪರಪ್ಪನಿಗೆ ಗೊತ್ತಿತ್ತು. ಇಲ್ಲಿಗೆ ಕರೆತಂದವನು ತಾನೇ ಎಂಬುದೂ ಗೊತ್ತಿತ್ತು. ಅದು ಅವನನ್ನು ಒಳಗೇ ಕೊರೆಯುತ್ತಿತ್ತು.

ಕನ್ನಡ ನಾಡು ಒಂದಾದ ವರ್ಷ, ಗೋರೆಗಾಂವಿನ ಶಾಲೆಯೊಂದರಲ್ಲಿ ಸುತ್ತಮುತ್ತಲಿನ ಕನ್ನಡಿಗರೆಲ್ಲ ಸೇರಿ ಸಮಾರಂಭ ಇಟ್ಟುಕೊಂಡರು. ಮೈಕಿನ ಜವಾಬ್ದಾರಿ ಪರಪ್ಪನದು. ಹಳ್ಳಿಯ ಪದ ಹಾಡುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದಾಗ, ಎಂದೂ ಬಾಯಿ ತೆರೆಯದ ಪರಪ್ಪ ಹೆಂಡತಿಯ ಹೆಸರು ಹೇಳಿಬಿಟ್ಟ. ಅಷ್ಟು ಜನ ಒಮ್ಮೆ ಅವಳ ದನಿ ಕೇಳಬೇಕು, ತಾನೂ ಕೇಳಬೇಕು. ಅದೊಂದೇ ಆಸೆ.

“ನನಗ ದನಿ ಎಲ್ಲಿ ಉಳದೈತ್ರಿ?” ಎಂದಳು ಚಂದ್ರವ್ವ.

“ದನಿ ಯಾಕ ಬೇಕು? ಡಬ್ಬಿ ಐತಲ್ಲ. ಕೆಂಪ ದೀಪಾ ಹತ್ತಿದ್ರ ಸಾಕು, ಒದರಬ್ಯಾಡ. ಇಲ್ಲೆ ಮಾತಾಡ್ತಿಯಲ್ಲ, ಹಂಗ ಸಣ್ಣಗ ಹಾಡು. ಉಳದದ್ದು ಅದು ನೋಡ್ಕೋತೈತಿ.”

ಆ ಪೆಟ್ಟಿಗೆಯನ್ನು ಅವನು ಕಣ್ಣಲ್ಲಿ ಕಣ್ಣಿಟ್ಟು ಕಟ್ಟಿದ. ವೇದಿಕೆಯಿಂದ ಅವಳಿಗೆ ಕಾಣಲೆಂದು ದೀಪವನ್ನು ತುಸು ಮೇಲಕ್ಕೇ ಕೂಡಿಸಿದ.

ಸಮಾರಂಭದ ದಿನ ಬೆಳಗಿನಿಂದ ತಂತಿ ಎಳೆದು, ಸ್ಪೀಕರು ಹೊತ್ತು, ಏಣಿ ಹತ್ತಿ ಇಳಿದು ಪರಪ್ಪನ ಕಾಲು ಸೋತಿದ್ದವು. ಅಧ್ಯಕ್ಷರ ಭಾಷಣವಂತೂ ನಿಲ್ಲುವ ಲಕ್ಷಣವೇ ಇಲ್ಲ. ಪೆಟ್ಟಿಗೆಯ ತಗಡು ಮುಟ್ಟಿ ನೋಡಿದರೆ ಸುಡುತ್ತಿತ್ತು. ಹಾಡಿಗೆ ಮುಂಚೆ ತುಸು ತಣಿಯಬೇಕು. ಪಕ್ಕದಲ್ಲಿ ಕೂತಿದ್ದವರು ಸಾಂತಾಕ್ರೂಜಿನ ಹೋಟೆಲಿನ ಸದಾನಂದ ಶೆಟ್ಟರು, ಉಡುಪಿ ಕಡೆಯವರು, ಉಪಕಾರಿ ಮನುಷ್ಯ.

“ಶೆಟ್ರ, ಭಾಷಣಾ ಮುಗಿದ ಕೂಡ್ಲೆ ದೀಪಾ ದೊಡ್ಡದ ಮಾಡ್ರಿ. ಹೊರಗ ಗಾಳಿಗೆ ಕುಂತಿರ್ತೀನಿ, ಹಾಡಿಗೆ ಬಂದಬಿಡತೀನಿ,” ಎಂದ.

“ಆಯ್ತು ಮಾರಾಯ್ರೆ, ನೀವು ಹೋಗಿ,” ಎಂದರು ಶೆಟ್ಟರು.

ಹೊರಗಿನ ಮೆಟ್ಟಿಲ ಮೇಲೆ ಕೂತ ಪರಪ್ಪನಿಗೆ ಗೋಡೆಗೆ ತಲೆ ತಾಗಿದ್ದೇ ಗೊತ್ತು. ನಿದ್ದೆ ಹತ್ತಿಬಿಟ್ಟಿತು.

ಒಳಗೆ ಅಧ್ಯಕ್ಷರು, ಇನ್ನು ಮೇಲೆ ನಾವೆಲ್ಲ ಒಂದು, ನಮ್ಮ ಮಾತು ಒಂದು ಎಂದು ಹೇಳಿ ಕೂತರು. ಚಪ್ಪಾಳೆಯ ನಡುವೆ ಶೆಟ್ಟರು ಹೇಳಿದ ಮಾತಿಗೆ ತಪ್ಪದೆ, ಪೆಟ್ಟಿಗೆಯ ಮುಂದಿದ್ದ ಒಂದೇ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದರು. ದೀಪ ದೊಡ್ಡದಾಗಲಿಲ್ಲ. ಸ್ಪೀಕರು ಮಾತ್ರ ಕಿವಿ ಹರಿಯುವ ಹಾಗೆ ಕಿರುಚಿಕೊಂಡಿತು. ಜನ ಕಿವಿ ಮುಚ್ಚಿಕೊಂಡರು. ಶೆಟ್ಟರು ಏನು ಮಾಡಲಿ ಎನ್ನುವಷ್ಟರಲ್ಲಿ ಕಿರುಚಾಟ ತಾನಾಗಿ ನಿಂತಿತು. ಸ್ಪೀಕರಿಗೆ ಸದ್ದು ಕಳಿಸುವ ಸುರುಳಿ ಒಳಗೇ ಸುಟ್ಟುಹೋಗಿತ್ತು. ದೀಪ ಉರಿಯುತ್ತಲೇ ಇತ್ತು. ಅದರ ತಂತಿಯ ದಾರಿಯೇ ಬೇರೆ. ಪೆಟ್ಟಿಗೆಗೆ ಕರೆಂಟು ಬಂದಿದೆ ಎನ್ನುವುದಷ್ಟೇ ಅದಕ್ಕೆ ಗೊತ್ತು. ಅದನ್ನು ಕಂಡು ಶೆಟ್ಟರು ನಿರಾಳವಾದರು.

ಪರಪ್ಪನಿಗೆ ಎಚ್ಚರವಾದದ್ದು ಸದ್ದಿನಿಂದಲ್ಲ, ಸದ್ದಿಲ್ಲದ್ದರಿಂದ. ಹಿಂದಿನ ಬಾಗಿಲಿನಿಂದ ನುಗ್ಗಿದ. ವೇದಿಕೆಯ ಮೇಲೆ ಚಂದ್ರವ್ವ ಇಳಕಲ್ ಸೀರೆ ಉಟ್ಟು, ಕೆಂಪು ದೀಪದ ಮೇಲೆ ಕಣ್ಣಿಟ್ಟು ಹಾಡುತ್ತಿದ್ದಳು. ತುಟಿ ಅಲುಗುತ್ತಿದ್ದವು. ಒಂದಕ್ಷರವೂ ಅವನಿಗೆ ಕೇಳಲಿಲ್ಲ. ಮುಂದಿನ ಬೆಂಚಿನವರು ಮರ್ಯಾದೆಗೆ ತಲೆದೂಗುತ್ತಿದ್ದರು, ಹಿಂದಿನವರು ಗುಸುಗುಸು ಮಾತಿಗಿಳಿದಿದ್ದರು. ಆ ಕಿರುಚಾಟದ ಮೇಲೆ ಇನ್ನಷ್ಟು ಸದ್ದು ಕೊಡಿ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಓಡಿಹೋಗಿ ನಿಲ್ಲಿಸಿದರೆ ಅಷ್ಟು ಜನರೆದುರು ಅವಳ ಮುಖಭಂಗ. ಪರಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದ. ಪದ ಮುಗಿದದ್ದು ಅವಳು ಕೈಮುಗಿದಾಗ ತಿಳಿಯಿತು.

“ದೊಡ್ಡದು ಮಾಡಿ ಅಂತ ನೀವೇ ಹೇಳಿದ್ದಲ್ವಾ?” ಎಂದರು ಶೆಟ್ಟರು, ಕಂಗಾಲಾಗಿ. “ನಾನು ಪೂರಾ ತಿರುಗಿಸಿದೆ. ಲೈಟು ಉಂಟಲ್ಲ, ಎಲ್ಲ ಸರಿ ಉಂಟು ಅಂತ ಎಣಿಸಿದೆ ಮಾರಾಯ್ರೆ.”

ಪರಪ್ಪ ತಂತಿ ಸುತ್ತಿ ಪೆಟ್ಟಿಗೆ ಹೊತ್ತುಕೊಂಡ. ಶಾಲೆಯ ಗೇಟಿನ ಹತ್ತಿರ ಚಂದ್ರವ್ವ ಕೇಳಿದಳು, “ಹಿಂದ ತನಕಾ ಕೇಳಿಸ್ತೇನ್ರಿ?”

“ಇಲ್ಲ. ಡಬ್ಬಿ ಸತ್ತಿತ್ತು.”

“ದೀಪಾ ಹತ್ತಿತ್ತಲ್ರಿ?”

“ದೀಪಾ ಅಷ್ಟ ಹತ್ತಿತ್ತು.”

ಇಬ್ಬರೂ ಸ್ಟೇಷನ್ನಿಗೆ ನಡೆದರು. ಆಮೇಲೆ ಅವಳು ಮೆಲ್ಲಗೆ ಅಂದಳು, “ಮೊದ್ಲ ಗೊತ್ತಾಗಿದ್ರ ಗಟ್ಟಿಯಾಗೇ ಹಾಡತಿದ್ದೆ. ಅಲ್ಲಿ ನಿಂತಾಗ ದನಿ ಬಂದಿತ್ರಿ. ನಿಮ್ಮ ದೀಪಾ ನೋಡೇ ಸಣ್ಣದ ಮಾಡ್ಕೊಂಡೆ.”

ಮರುವರ್ಷ ಸಮಾರಂಭದವರು ಬಂದು ಹಾಡಲು ಕೇಳಿದಾಗ ಚಂದ್ರವ್ವ, “ಒಮ್ಮೆ ಹಾಡಿದ್ನಲ್ರಿ,” ಎಂದು ಚಹಾ ಕೊಟ್ಟು ಕಳಿಸಿದಳು. ಪರಪ್ಪನೂ ಒತ್ತಾಯಿಸಲಿಲ್ಲ.

ಆದರೆ ಅವನ ಡಬ್ಬಿಗಳ ದೀಪ ಬದಲಾಯಿತು. ಅದಕ್ಕೆ ಈಗ ಸ್ಪೀಕರಿಗೆ ಹೋಗುವ ತಂತಿಯಿಂದಲೇ ಎರಡು ಎಳೆ. ದನಿ ಹೊರಟರೆ ಹತ್ತೀತು, ಇಲ್ಲದಿದ್ದರೆ ಕತ್ತಲೆ. ಲೈಟು ಮಿಣುಕುತ್ತದೆ, ಕೆಟ್ಟಿದೆ ಎಂದು ಗಿರಾಕಿಗಳು ಜಗಳಕ್ಕೆ ಬರುತ್ತಿದ್ದರು. ಪರಪ್ಪ ವಾದಿಸುತ್ತಿರಲಿಲ್ಲ, ಕಿತ್ತು ಮೊದಲಿನಂತೆ ಮಾಡಿಕೊಡುತ್ತಲೂ ಇರಲಿಲ್ಲ.

ಒಂದು ರವಿವಾರ ಮಧ್ಯಾಹ್ನ ಹೊಸ ಡಬ್ಬಿಗೆ ಮೈಕು ಜೋಡಿಸಿ ಕೂತಿದ್ದ. ಸ್ಪೀಕರು ಇನ್ನೂ ಹಚ್ಚಿರಲಿಲ್ಲ. ತಾನೇ ಏನೋ ಗುನುಗಿದ. ದಣಿದ ದನಿಗೆ ಗಾಜು ಕೆಂಪಾಗಲಿಲ್ಲ. ಚಂದ್ರವ್ವ ಚಾಳಿನ ಗ್ಯಾಲರಿಯ ಕೊನೆಯಲ್ಲಿ ನಲ್ಲಿಯ ಸಾಲಿನಲ್ಲಿದ್ದಳು. ಅಲ್ಲಿ ಕೊಡಗಳ ಗಲಾಟೆ, ಹೆಂಗಸರ ಜಗಳ. ಅದೆಲ್ಲದರ ಮೇಲೆ ಹಾಯ್ದು ಬಂತು ಅವಳ ಕೂಗು:

“ಏನ್ರೀ, ರೊಟ್ಟಿ ಆರಾಕ ಹತ್ತ್ಯಾವು, ಏಳ್ರೀ!”

ದೀಪ ಭಗ್ಗನೆ ಹತ್ತಿತು. ಖೋಲಿಯ ಗೋಡೆಯ ಮೇಲೆ ಕೆಂಪು ಬಿತ್ತು. ಕೂಗು ಮುಗಿದಂತೆ ಮೆಲ್ಲಗೆ ಮಂಕಾಯಿತು.

ಪರಪ್ಪ ಓ ಎನ್ನಬೇಕಾಗಿತ್ತು. ಅನ್ನಲಿಲ್ಲ. ಕತ್ತಲಾದ ಗಾಜಿನ ಮೇಲೆ ಕಣ್ಣಿಟ್ಟು, ಇನ್ನೊಮ್ಮೆ ಕರೆಯಲಿ ಎಂದು ಸುಮ್ಮನೆ ಕೂತ.